ಹೃದಯ ಸೋತಾಗ ಇಳಿದ ಟಿ4: ಬೆಳಗಾವಿಯ ಒಂದು ಡೋಬರ್‌ಮನ್ ಪ್ರಕರಣ

ಬೆಳಗಾವಿಯ ಟಿಳಕವಾಡಿಯ ಮನೆಯೊಂದರಲ್ಲಿ ಸಾಕಿದ ಡೋಬರ್‌ಮನ್. ಗಂಡು, ವಯಸ್ಸು 6, ಬೀಜ ತೆಗೆಸಿಲ್ಲ. ಎರಡು ತಿಂಗಳ ಹಿಂದೆ 38 ಕೆ.ಜಿ. ಇದ್ದದ್ದು ತುರ್ತು ಚಿಕಿತ್ಸೆಗೆ ಬಂದ ರಾತ್ರಿ 34 ಕೆ.ಜಿ.ಗೆ ಇಳಿದಿತ್ತು. ಮುಂಗಾಲು ಅಗಲಿಸಿ, ಕತ್ತು ಮುಂದೆ ಚಾಚಿ, ಬಾಯಿ ತೆರೆದು ಉಸಿರೆಳೆಯುತ್ತಿತ್ತು. "ಥೈರಾಯ್ಡ್ ಕಡಿಮಿ ಐತಿ ಅಂದ್ರ್ರಿ ಡಾಕ್ಟ್ರ, ಗುಳಿಗಿ ಚಾಲೂ ಮಾಡಿ ಹನ್ನೊಂದು ದಿನ ಆತು. ಮೊದಲ ಬರೇ ಸುಸ್ತ ಇತ್ತು. ಈಗ ನೋಡ್ರಿ, ದಮ್ಮು ಹತ್ತೇತಿ, ರಾತ್ರಿ ಮಲಗವಲ್ದು," ಎಂದರು ಮನೆಯ ಯಜಮಾನರು.

ಅವರು ಹೇಳಿದ ಕ್ರಮವೇ ಇಲ್ಲಿ ಮುಖ್ಯ: ಮೊದಲು ಸುಸ್ತು, ಆಮೇಲೆ ಗುಳಿಗೆ, ಅದಾದ ಮೇಲೆ ದಮ್ಮು. ನಾಯಿಗೆ ಇದ್ದದ್ದು ಡಿಸಿಎಂ, ಅಂದರೆ ಹೃದಯದ ಸ್ನಾಯು ಬಲಗುಂದಿ, ಕೋಣೆಗಳು ಹಿಗ್ಗಿ, ರಕ್ತವನ್ನು ಒತ್ತಿ ಕಳಿಸಲಾಗದ ಕಾಯಿಲೆ. ಆ ಕಾಯಿಲೆಯೇ ಥೈರಾಯ್ಡ್ ಹಾರ್ಮೋನನ್ನು, ಅಂದರೆ ಟಿ4 ಅನ್ನು, ಇಳಿಸಿತ್ತು. ಇಳಿದ ಅಂಕಿಯನ್ನೇ ಮೂಲರೋಗವೆಂದು ತಿಳಿದು ಹಾರ್ಮೋನ್ ತುಂಬಿದಾಗ ಹೃದಯ ಕೈಬಿಟ್ಟಿತು. (ಯಾರ ಗುರುತೂ ಸಿಗಬಾರದೆಂದು, ಇಂಥ ನಾಯಿಗಳಲ್ಲಿ ಕಾಣುವ ಚಿತ್ರವನ್ನು ಒಂದೇ ಪ್ರಕರಣವಾಗಿ ಜೋಡಿಸಿ ಬರೆದಿದೆ. ಔಷಧದ ಪ್ರಮಾಣಗಳು ಈ ತೂಕದ, ಈ ಸ್ಥಿತಿಯ ನಾಯಿಗೆ ಲೆಕ್ಕ ಹಾಕಿದವು. ಪಶುವೈದ್ಯರ ಕೈಯಲ್ಲೇ ಇರಬೇಕಾದವು.)

ಅದಕ್ಕೂ ಮುಂಚಿನ ಎಂಟು ವಾರ

ಮಳೆಗಾಲದ ಕೊನೆಯಲ್ಲಿ ಕೆಮ್ಮು ಶುರುವಾಗಿತ್ತು, ಹೆಚ್ಚಾಗಿ ರಾತ್ರಿ ಮಲಗಿದಾಗ. ತಂಡಿ ಹವೆಯ ಕೆಮ್ಮೆಂದು ದಿನಕ್ಕೆ 20 ಮಿ.ಗ್ರಾಂ. ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಹತ್ತು ದಿನ ಕೊಡಲಾಗಿತ್ತು. ಕೆಮ್ಮು ಅಷ್ಟಾಗಿ ಇಳಿಯಲಿಲ್ಲ. ನಾಯಿ ಊಟ ಬಿಡತೊಡಗಿತು. ಸೊಂಟದ ಎರಡೂ ಬದಿ ಕೂದಲು ತೆಳುವಾಯಿತು. ಒಮ್ಮೆ ಗೇಟಿನ ಹತ್ತಿರ ಬೊಗಳುತ್ತ ಓಡಿದ್ದು ಅಲ್ಲೇ ಕುಸಿದು, ಅರ್ಧ ನಿಮಿಷದಲ್ಲಿ ಎದ್ದು ನಿಂತಿತು. ಮನೆಯವರು ಕಾಲು ಜಾರಿರಬೇಕು ಅಂದುಕೊಂಡರು.

ಸುಸ್ತು, ತೆಳುಗೂದಲು, ಡೋಬರ್‌ಮನ್ ತಳಿ. ಈ ಮೂರೂ ಕೂಡಿದರೆ ಯಾರಿಗೇ ಆಗಲಿ ಥೈರಾಯ್ಡ್ ನೆನಪಾಗುತ್ತದೆ. ಈ ತಳಿಯಲ್ಲಿ ಥೈರಾಯ್ಡ್ ಕೊರತೆ ನಿಜಕ್ಕೂ ಹೆಚ್ಚು, ಹಾಗಾಗಿ ಸಂಶಯ ತಪ್ಪಲ್ಲ. ಆದರೆ ಪ್ರೆಡ್ನಿಸೋಲೋನ್ ಇನ್ನೂ ನಡೆಯುತ್ತಿದ್ದಾಗಲೇ ರಕ್ತ ತೆಗೆದರು. ಮಾದರಿ ಹೋದದ್ದು ಮನುಷ್ಯರ ಪರೀಕ್ಷೆ ಮಾಡುವ ಲ್ಯಾಬಿಗೆ. ವರದಿಯಲ್ಲಿ ಒಟ್ಟು ಟಿ4 ಡೆಸಿಲೀಟರಿಗೆ 0.7 ಮೈಕ್ರೋಗ್ರಾಂ, ಪಕ್ಕದಲ್ಲಿ ದಪ್ಪಕ್ಷರದಲ್ಲಿ 'ಕಡಿಮೆ'. ಥೈರಾಯ್ಡ್ ಗ್ರಂಥಿಗೆ ಕೆಲಸ ಹಚ್ಚುವ ಮೆದುಳಿನ ಹಾರ್ಮೋನಾದ ಟಿಎಸ್‌ಎಚ್ 0.01. ನಾಯಿಯ ಥೈರಾಯ್ಡ್ ಕೊರತೆಗೆ ಪುಸ್ತಕದಲ್ಲಿರುವ ಪೂರ್ಣ ಪ್ರಮಾಣದ ಲೆವೊಥೈರಾಕ್ಸಿನ್ (ಟಿ4 ತುಂಬುವ ಗುಳಿಗೆ), ಅಂದರೆ ಕೆ.ಜಿ.ಗೆ ಸುಮಾರು 0.02 ಮಿ.ಗ್ರಾಂ.ನಂತೆ ದಿನಕ್ಕೆ ಎರಡು ಹೊತ್ತು, 100 ಮೈಕ್ರೋಗ್ರಾಂ ಗುಳಿಗೆ ಒಂದು ಹೊತ್ತಿಗೆ ಆರು ಬರೆದುಕೊಟ್ಟರು.

ಇಷ್ಟೊಂದು ಗುಳಿಗೆಯೇ ಎಂದು ಮನೆಯವರು ಗಾಬರಿಯಾಗಿದ್ದರಂತೆ. ಪ್ರಮಾಣ ಅದರ ಮಟ್ಟಿಗೆ ಸರಿಯೇ ಇತ್ತು. ನಾಯಿಯ ದೇಹ ಟಿ4 ಅನ್ನು ಬಲು ಬೇಗ ಕಳೆದುಕೊಳ್ಳುತ್ತದೆ. ಅರ್ಧಾಯುಷ್ಯ, ಅಂದರೆ ಅರ್ಧ ಕಳೆಯಲು ಹಿಡಿಯುವ ಹೊತ್ತು, ಮನುಷ್ಯರಲ್ಲಿ ಸುಮಾರು ಒಂದು ವಾರ, ನಾಯಿಯಲ್ಲಿ 10ರಿಂದ 15 ಗಂಟೆ ಮಾತ್ರ. ಆದ್ದರಿಂದಲೇ ನಾಯಿಗೆ ತೂಕದ ಲೆಕ್ಕದಲ್ಲಿ ಮನುಷ್ಯರ ಹತ್ತಾರು ಪಟ್ಟು ಬೇಕು. ತಪ್ಪಿದ್ದು ಪ್ರಮಾಣದಲ್ಲಲ್ಲ. ಗುಳಿಗೆ ಬರೆಯುವ ಮೊದಲು ಯಾರೂ ಆ ಹೃದಯಕ್ಕೆ ಸ್ಟೆತಾಸ್ಕೋಪು ಇಟ್ಟು ಸಮಾಧಾನವಾಗಿ ಕೇಳಿರಲಿಲ್ಲ.

ತುರ್ತು ಚಿಕಿತ್ಸೆ

ಬಂದಾಗ ಉಸಿರು ನಿಮಿಷಕ್ಕೆ 64. ಹೃದಯ ಬಡಿತ 220, ತಾಳವೇ ಇಲ್ಲ. ತೊಡೆಯ ನಾಡಿ ಎಣಿಸಿದರೆ 150ರ ಆಸುಪಾಸು, ಅಂದರೆ ಅನೇಕ ಬಡಿತಗಳು ನಾಡಿಯವರೆಗೆ ತಲುಪುತ್ತಲೇ ಇರಲಿಲ್ಲ. ಒಸಡು ಬಿಳುಚಿತ್ತು, ಶ್ವಾಸಕೋಶದಲ್ಲಿ ಕರಕರ ಸದ್ದಿತ್ತು, ಮೈ 99.4 ಡಿಗ್ರಿ ಫ್ಯಾರನ್‌ಹೀಟ್, ಮೇಲಿನ ರಕ್ತದೊತ್ತಡ 95. ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಷನ್ (ಮೇಲ್ಕೋಣೆಗಳು ತಾಳತಪ್ಪಿ ಅದುರುವುದು), ನಡುನಡುವೆ ಕೆಳಕೋಣೆಯಿಂದ ಹುಟ್ಟುವ ಅಕಾಲ ಬಡಿತಗಳು.

ಇಂಥ ನಾಯಿಯನ್ನು ಎಕ್ಸ್‌ರೇಗೆಂದು ಮಗ್ಗುಲಾಗಿ ಒತ್ತಿ ಹಿಡಿದರೆ ಅಲ್ಲೇ ಪ್ರಾಣ ಹೋಗಬಹುದು. ಮೊದಲು ಆಮ್ಲಜನಕ. ಜೊತೆಗೇ ಮೂತ್ರದಲ್ಲಿ ನೀರು ಹೊರಹಾಕಿಸುವ ಫ್ಯುರೊಸೆಮೈಡ್ ಕೆ.ಜಿ.ಗೆ 2 ಮಿ.ಗ್ರಾಂ., ಅಂದರೆ 68 ಮಿ.ಗ್ರಾಂ., ಮಿಲಿಗೆ 10 ಮಿ.ಗ್ರಾಂ. ಇರುವ ಇಂಜೆಕ್ಷನ್‌ನಲ್ಲಿ 6.8 ಮಿ.ಲೀ., ರಕ್ತನಾಳಕ್ಕೆ. ನಂತರ ಗಂಟೆಗೊಮ್ಮೆ ಕೆ.ಜಿ.ಗೆ 1 ಮಿ.ಗ್ರಾಂ.ನಂತೆ ಮೂರು ಸಲ, ಉಸಿರಿನ ಎಣಿಕೆ ನೋಡಿಕೊಂಡು. ಹೆದರಿದ ನಾಯಿಯ ಮೈಯಲ್ಲಿ ಅಡ್ರಿನಲಿನ್ ಏರುವುದರಿಂದ, ಶಾಂತವಾಗಲು ಬ್ಯುಟೊರ್ಫನಾಲ್ ಕೆ.ಜಿ.ಗೆ 0.2 ಮಿ.ಗ್ರಾಂ. ಬಾಯಿ ಮುಚ್ಚಿ ನುಂಗುವಷ್ಟು ಆದಮೇಲೆ ಹೃದಯದ ಹಿಂಡುವಿಕೆಗೆ ಬಲ ಕೊಡುವ ಪಿಮೊಬೆಂಡಾನ್ 8.75 ಮಿ.ಗ್ರಾಂ. ಲೆವೊಥೈರಾಕ್ಸಿನ್ ಆ ಕ್ಷಣಕ್ಕೇ ಬಂದ್. ಸ್ವಲ್ಪಸ್ವಲ್ಪವಾಗಿ ಇಳಿಸುವ ಅಗತ್ಯವಿರಲಿಲ್ಲ, ಏಕೆಂದರೆ ಹನ್ನೊಂದು ದಿನದಲ್ಲಿ ಸ್ವಂತ ಗ್ರಂಥಿ ಕೆಲಸ ಮರೆತಿರುವುದಿಲ್ಲ.

ಇಲ್ಲಿ ಒಂದು ಸೆಳೆತವಿದೆ. ಥೈರಾಯ್ಡ್ ಹೆಚ್ಚಾಗಿ ಹೃದಯ ಓಡುತ್ತಿದ್ದರೆ ಮನುಷ್ಯರಿಗೆ ಅಡ್ರಿನಲಿನ್ ತಡೆಯುವ ಪ್ರೊಪ್ರಾನಲಾಲ್ ಕೊಡುತ್ತಾರೆ, ಇಲ್ಲೂ ಕೊಡೋಣ ಎನ್ನಿಸುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿದ ಡಿಸಿಎಂ ನಾಯಿಗೆ ಅದು ಅಪಾಯ. ಸೋತ ಸ್ನಾಯು ಅಡ್ರಿನಲಿನ್ನಿನ ಆಸರೆಯ ಮೇಲೆಯೇ ನಿಂತಿರುತ್ತದೆ. ಆ ಆಸರೆಯನ್ನು ಒಮ್ಮೆಲೇ ಎಳೆದರೆ ರಕ್ತದೊತ್ತಡ ಬೀಳುತ್ತದೆ. ನಾಲ್ಕು ಗಂಟೆಯಲ್ಲಿ ಉಸಿರು 38ಕ್ಕೆ ಇಳಿಯಿತು. ಮೂತ್ರಪಿಂಡದ ಅಂಕಿ ಸರಿಯಿದ್ದುದರಿಂದ (ಕ್ರಿಯಾಟಿನಿನ್ 1.3) ಮರುದಿನ ಬಡಿತ ನಿಧಾನಿಸುವ ಔಷಧಗಳಾದ ಡಿಗಾಕ್ಸಿನ್ 0.125 ಮಿ.ಗ್ರಾಂ. ಎರಡು ಹೊತ್ತು, ಡಿಲ್ಟಿಯಾಜೆಮ್ 30 ಮಿ.ಗ್ರಾಂ. ಮೂರು ಹೊತ್ತು ಶುರುವಾದವು. ಫಿಬ್ರಿಲೇಷನ್ ಹೋಗಲಾಡಿಸುವುದು ಇಲ್ಲಿ ಗುರಿಯಲ್ಲ. ದಿನದ ಸರಾಸರಿ ಬಡಿತ 125ರೊಳಗೆ ಬಂದರೆ ಸಾಕು.

ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಎಡ ಕೆಳಕೋಣೆ ಸಡಿಲಗೊಂಡಾಗ 59 ಮಿ.ಮೀ., ಹಿಂಡಿದಾಗ 51 ಮಿ.ಮೀ. ಕುಗ್ಗುವಿಕೆ 14 ಪ್ರತಿಶತಕ್ಕಿಂತಲೂ ಕಡಿಮೆ. ಗಂಡು ಡೋಬರ್‌ಮನ್‌ನಲ್ಲಿ ಸಡಿಲ ಅಳತೆ 48 ಮಿ.ಮೀ. ದಾಟಿದರೆ, ಹಿಂಡಿದ ಅಳತೆ 36 ದಾಟಿದರೆ ಡಿಸಿಎಂ ಎನ್ನುತ್ತಾರೆ. ಇಷ್ಟು ಹಿಗ್ಗಲು ಹನ್ನೊಂದು ದಿನ ಸಾಲದು. ಕೆಮ್ಮಿಗೂ ಮುಂಚೆಯೇ, ತಿಂಗಳುಗಟ್ಟಲೆ, ಬಹುಶಃ ವರ್ಷಗಟ್ಟಲೆ ಕಾಯಿಲೆ ಒಳಗೇ ನಡೆದಿತ್ತು.

ಹೃದಯ ಸೋತಾಗ ಹಾರ್ಮೋನುಗಳು ಏನು ಮಾಡುತ್ತವೆ

ಹೃದಯ ಹೊರಹಾಕುವ ರಕ್ತ ಕಡಿಮೆಯಾದಾಗ ಕತ್ತಿನ ಮತ್ತು ಮಹಾಪಧಮನಿಯ ಒತ್ತಡ ಗ್ರಾಹಿಗಳು ಅದನ್ನು ರಕ್ತಸ್ರಾವ ಎಂದೇ ತಿಳಿಯುತ್ತವೆ. ದೇಹದಲ್ಲಿ ರಕ್ತ ಸಾಕಷ್ಟಿದೆ, ಪಂಪು ಸೋತಿದೆ ಎಂಬುದು ಅವಕ್ಕೆ ಗೊತ್ತಾಗುವುದಿಲ್ಲ. ನಾರ್‌ಅಡ್ರಿನಲಿನ್ ಏರುತ್ತದೆ. ಮೂತ್ರಪಿಂಡದಿಂದ ರೆನಿನ್ ಬರುತ್ತದೆ, ಅದರಿಂದ ಆಂಜಿಯೊಟೆನ್ಸಿನ್-2, ಅದರಿಂದ ಅಡ್ರಿನಲ್ ಗ್ರಂಥಿಯ ಆಲ್ಡೊಸ್ಟಿರೋನ್. ರಕ್ತನಾಳಗಳು ಬಿಗಿಯುತ್ತವೆ, ಉಪ್ಪು ಉಳಿಯುತ್ತದೆ, ಉಪ್ಪಿನ ಹಿಂದೆ ನೀರು. ಪಿಟ್ಯುಟರಿಯಿಂದ ವ್ಯಾಸೊಪ್ರೆಸ್ಸಿನ್ ಬಂದು ಉಪ್ಪಿಲ್ಲದ ಬರೀ ನೀರನ್ನೂ ಹಿಡಿದಿಡುತ್ತದೆ. ಈ ನಾಯಿಯ ಸೋಡಿಯಂ 137ಕ್ಕೆ ಇಳಿದದ್ದು ಉಪ್ಪು ಕಡಿಮೆ ತಿಂದು ಅಲ್ಲ, ನೀರು ಹೆಚ್ಚಾಗಿ ತೆಳುವಾದದ್ದರಿಂದ. ಅಂಥ ನಾಯಿಗೆ ಸಲೈನ್ ಏರಿಸಿದರೆ ಶ್ವಾಸಕೋಶ ಇನ್ನಷ್ಟು ತುಂಬುತ್ತದೆ. ಸೋಡಿಯಂ ಕಡಿಮೆ ಎಂಬ ಅಂಕಿ ಕಂಡೊಡನೆ ಬಾಟಲಿ ಹಾಕುವ ರೂಢಿ ಇಲ್ಲಿ ನಿಲ್ಲಬೇಕು.

ಎದುರು ಬಣದಲ್ಲಿ ಹಿಗ್ಗಿದ ಕೋಣೆಗಳೇ ಹೊರಡಿಸುವ ಎಎನ್‌ಪಿ ಮತ್ತು ಬಿಎನ್‌ಪಿ ಎಂಬ ಹಾರ್ಮೋನುಗಳಿವೆ. ಇವು ಉಪ್ಪು ಹೊರಹಾಕಿಸುತ್ತವೆ, ನಾಳ ಸಡಿಲಿಸುತ್ತವೆ. ಕಾಯಿಲೆ ಮುಂದುವರಿದಂತೆ ಇವುಗಳ ಮಟ್ಟ ಏರುತ್ತದೆ, ಆದರೆ ಆಲ್ಡೊಸ್ಟಿರೋನ್ ಎದುರು ಗೆಲ್ಲಲಾರವು. ಬಿಎನ್‌ಪಿಯ ಜೊತೆ ಹುಟ್ಟುವ ತುಣುಕಾದ ಎನ್‌ಟಿ-ಪ್ರೊಬಿಎನ್‌ಪಿಯನ್ನು ರಕ್ತದಲ್ಲಿ ಅಳೆಯಬಹುದು. ನಾಯಿಗಳಲ್ಲಿ ಲೀಟರಿಗೆ 900 ಪಿಕೋಮೋಲ್ ಒಳಗಿದ್ದರೆ ಹೃದಯದ ತೊಂದರೆ ಹೆಚ್ಚೇನಿಲ್ಲ ಎನ್ನಬಹುದು. ಡೋಬರ್‌ಮನ್‌ಗೆ ಮಾತ್ರ 735ರ ಮೇಲೆಯೇ ಎಚ್ಚರ. ದಮ್ಮಿನ ನಾಯಿಯಲ್ಲಿ 1800 ದಾಟಿದರೆ ಕಾರಣ ಹೃದಯವೇ ಇರುವ ಸಾಧ್ಯತೆ ಬಹಳ. ಇಲ್ಲಿ 4860 ಬಂತು. ಮೂತ್ರಪಿಂಡ ಕೆಟ್ಟರೂ, ಥೈರಾಯ್ಡ್ ಹಾರ್ಮೋನ್ ಹೆಚ್ಚಾದರೂ ಈ ಅಂಕಿ ಏರುತ್ತದೆ, ಆದ್ದರಿಂದ ಎಕೋ ಬಿಟ್ಟು ಇದೊಂದನ್ನೇ ನಂಬಬಾರದು. ಬೆಳಗಾವಿಯಿಂದ ಮಾದರಿ ಬೇರೆ ಊರಿಗೆ ಹೋಗಬೇಕಾದಾಗ ಇನ್ನೊಂದು ತೊಡಕು. ಈ ತುಣುಕು ಬಿಸಿಯಲ್ಲಿ ಒಡೆದು ಸುಳ್ಳಾಗಿ ಕಡಿಮೆ ತೋರಿಸುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ ರಕ್ತ ತೆಗೆದು, ಬೇಗನೆ ಯಂತ್ರದಲ್ಲಿ ತಿರುಗಿಸಿ, ಪ್ಲಾಸ್ಮಾ ಮಾತ್ರ ಬೇರ್ಪಡಿಸಿ ಹೆಪ್ಪುಗಟ್ಟಿಸಿ, ಐಸ್ ಪ್ಯಾಕಿನ ನಡುವೆ ಕಳಿಸಬೇಕು. ಸಂಜೆ ಬಸ್ಸಿನ ಪಾರ್ಸೆಲ್‌ನಲ್ಲಿ ಇಡೀ ರಕ್ತ ಕಳಿಸಿದರೆ ಬರುವ ಅಂಕಿಗೆ ಬೆಲೆಯಿಲ್ಲ.

ಇನ್ನು ಥೈರಾಯ್ಡ್. ಸೋತ ಹೃದಯದ ದೇಹದಲ್ಲಿ ಟಿಎನ್‌ಎಫ್, ಇಂಟರ್‌ಲ್ಯೂಕಿನ್‌ಗಳಂಥ ಉರಿಯೂತದ ಸಂದೇಶವಾಹಕಗಳು ಹೆಚ್ಚುತ್ತವೆ, ಕಾರ್ಟಿಸಾಲ್ ಏರುತ್ತದೆ. ಇವು ಮೆದುಳಿನಿಂದ ಬರುವ ಟಿಎಸ್‌ಎಚ್ ಆಜ್ಞೆಯನ್ನು ತಗ್ಗಿಸುತ್ತವೆ. ಟಿ4 ಅನ್ನು ಕೆಲಸಕ್ಕೆ ಬರುವ ಟಿ3 ಆಗಿ ಬದಲಿಸುವ ಕಿಣ್ವ ನಿಧಾನವಾಗುತ್ತದೆ, ಅದನ್ನು ನಿಷ್ಕ್ರಿಯ ರಿವರ್ಸ್ ಟಿ3 ಮಾಡುವ ಕಿಣ್ವ ಚುರುಕಾಗುತ್ತದೆ. ಗ್ರಂಥಿಯಲ್ಲಿ ದೋಷವಿಲ್ಲ, ದೇಹವೇ ಖರ್ಚು ಕಡಿಮೆ ಮಾಡಿಕೊಂಡಿದೆ. ಮೇವಿಲ್ಲದ ಬೇಸಿಗೆಯಲ್ಲಿ ರೈತ ಎತ್ತಿನ ಗೇಯ್ಮೆ ತಗ್ಗಿಸುವ ಹಾಗೆ. ಕಾಯಿಲೆ ಹೆಚ್ಚಾದಷ್ಟೂ ಟಿ3, ಟಿ4 ಹೆಚ್ಚು ಇಳಿಯುತ್ತವೆ.

ಅಂಥ ಹೊತ್ತಿನಲ್ಲಿ ಹೊರಗಿನಿಂದ ಟಿ4 ತುಂಬಿದರೆ? ಟಿ3 ಹೃದಯದ ಸ್ನಾಯುವಿನಲ್ಲಿ ಅಡ್ರಿನಲಿನ್ ಗ್ರಾಹಿಗಳನ್ನು ಹೆಚ್ಚಿಸುತ್ತದೆ, ಬಡಿತ ಏರಿಸುತ್ತದೆ, ಇಡೀ ಮೈಯ ಆಮ್ಲಜನಕದ ಬೇಡಿಕೆ ಹೆಚ್ಚಿಸುತ್ತದೆ, ಮೇಲ್ಕೋಣೆಯನ್ನು ಫಿಬ್ರಿಲೇಷನ್‌ಗೆ ತಳ್ಳುತ್ತದೆ. ರಕ್ತನಾಳಗಳನ್ನು ಸಡಿಲಿಸಿ ರೆನಿನ್ ಇನ್ನಷ್ಟು ಏರುವಂತೆಯೂ ಮಾಡುತ್ತದೆ. ಮೊದಲೇ ನಾರ್‌ಅಡ್ರಿನಲಿನ್ ತುಂಬಿದ ಹೃದಯಕ್ಕೆ ಇದು ತಾಳಲಾರದ ಭಾರ. ಬಂದ ರಾತ್ರಿ, ಸಂಜೆಯ ಗುಳಿಗೆ ಕೊಟ್ಟು ಐದು ಗಂಟೆಯಾದ ಮೇಲೆ ತೆಗೆದ ರಕ್ತದಲ್ಲಿ ಟಿ4 6.2 ಇತ್ತು. ನಾಯಿಗೆ ಸಹಜ ಮಿತಿ ಸುಮಾರು 1ರಿಂದ 4.

ಹಳೆಯ ವರದಿಯನ್ನು ಮತ್ತೆ ಓದಿದಾಗ

ಮನೆಯವರು ಹಳೆಯ ಕಾಗದವನ್ನು ಜೋಪಾನವಾಗಿ ಇಟ್ಟಿದ್ದು ಉಪಕಾರವಾಯಿತು. ಅದರಲ್ಲಿ ಟಿ4ರ ಪಕ್ಕ ಅಚ್ಚಾಗಿದ್ದ ಮಿತಿ 5ರಿಂದ 12. ಅದು ಮನುಷ್ಯರದ್ದು. ಈ ಕಾಗದದಲ್ಲಿ ಪೂರ್ಣ ಆರೋಗ್ಯವಂತ ನಾಯಿಯೂ 'ಕಡಿಮೆ' ಎಂದೇ ಬರುತ್ತದೆ. ಈ ನಾಯಿಯ 0.7 ನಾಯಿಯ ಮಿತಿಗೂ ಕಡಿಮೆಯೇ, ಅದನ್ನು ಒಪ್ಪಬೇಕು. ಆದರೆ ಟಿಎಸ್‌ಎಚ್ 0.01 ಎಂಬುದಕ್ಕೆ ಅರ್ಥವೇ ಇಲ್ಲ. ಟಿ4 ಎಲ್ಲ ಪ್ರಾಣಿಗಳಲ್ಲೂ ಒಂದೇ ಅಣು, ಹಾಗಾಗಿ ಮನುಷ್ಯರ ಕಿಟ್ ಅದನ್ನು ಹಿಡಿಯುತ್ತದೆ. ಟಿಎಸ್‌ಎಚ್ ಪ್ರೋಟೀನು, ಜಾತಿಯಿಂದ ಜಾತಿಗೆ ಬೇರೆ. ಮನುಷ್ಯರ ಕಿಟ್ ನಾಯಿಯ ಟಿಎಸ್‌ಎಚ್ ಅನ್ನು ಗುರುತಿಸುವುದಿಲ್ಲ. ನಾಯಿಯ ಟಿಎಸ್‌ಎಚ್ ಎಂದೇ ಕೇಳಿ ಮಾಡಿಸಬೇಕು. ಫ್ರೀ ಟಿ4 (ರಕ್ತದ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಟಿ4) ಬೇಕಾದರೆ ಡಯಾಲಿಸಿಸ್ ವಿಧಾನದ್ದೇ ನಂಬಿಕೆಗೆ ಅರ್ಹ.

ಅದೇ ಹಾಳೆಯಲ್ಲಿ ಕೊಲೆಸ್ಟ್ರಾಲ್ 152 ಎಂದಿತ್ತು. ನಿಜವಾದ ಥೈರಾಯ್ಡ್ ಕೊರತೆಯ ನಾಯಿಗಳಲ್ಲಿ ಬಹುಪಾಲಿಗೆ ಉಪವಾಸದ ಕೊಲೆಸ್ಟ್ರಾಲ್ ಏರಿರುತ್ತದೆ, ಮೈ ದಪ್ಪಗಾಗುತ್ತದೆ, ಬಡಿತ ನಿಧಾನವಾಗುತ್ತದೆ. ಇಲ್ಲಿ ಮೂರೂ ತಿರುಗುಮುರುಗು: ಕೊಲೆಸ್ಟ್ರಾಲ್ ಸಹಜ, ತೂಕ ಇಳಿಕೆ, ಬಡಿತ ವೇಗ. ಪ್ರೆಡ್ನಿಸೋಲೋನ್ ಒಂದೇ ಟಿ4 ಇಳಿಸಬಲ್ಲದು. ಫಿಟ್ಸ್‌ಗೆ ಕೊಡುವ ಫೀನೋಬಾರ್ಬಿಟಾಲ್, ಸಲ್ಫಾ ಔಷಧಗಳೂ ಹಾಗೆಯೇ. ಹಾಗಿದ್ದೂ ಒಂದು ಮಾತು: ನಿಜವಾದ ಕೊರತೆಯಿರುವ ನಾಯಿಗಳಲ್ಲೂ ನಾಲ್ಕರಲ್ಲಿ ಒಂದಕ್ಕಾದರೂ ಟಿಎಸ್‌ಎಚ್ ಸಹಜವಾಗಿಯೇ ಬರುತ್ತದೆ. ಆದ್ದರಿಂದ ಒಂದು ಪರೀಕ್ಷೆ ಹಿಡಿದು ಹೌದು ಎನ್ನುವುದೂ ತಪ್ಪು, ಅಲ್ಲ ಎನ್ನುವುದೂ ತಪ್ಪು. ಡೋಬರ್‌ಮನ್‌ಗಳಲ್ಲಿ ಥೈರಾಯ್ಡ್ ಕೊರತೆಯೇ ಡಿಸಿಎಂ ತರುತ್ತದೆ ಎಂಬ ಹಳೆಯ ನಂಬಿಕೆ ಅಧ್ಯಯನಗಳಲ್ಲಿ ನಿಂತಿಲ್ಲ. ಎರಡೂ ಈ ತಳಿಯಲ್ಲಿ ಹೆಚ್ಚಾದ್ದರಿಂದ ಒಂದೇ ನಾಯಿಯಲ್ಲಿ ಒಟ್ಟಿಗೆ ಸಿಗುವುದುಂಟು, ಅಷ್ಟೆ.

ನಮ್ಮ ಭಾಗದವರು ಇನ್ನೊಂದನ್ನು ಗಮನಿಸಬೇಕು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಹಳ್ಳಿಗಳಲ್ಲಿ ಮುಧೋಳ ನಾಯಿಗಳು ಸಾಕಷ್ಟಿವೆ. ಗ್ರೇಹೌಂಡ್, ಸಲೂಕಿಯಂಥ ಓಟದ ಬೇಟೆನಾಯಿಗಳಲ್ಲಿ ಟಿ4 ಹುಟ್ಟಾ ಕಡಿಮೆ. ಬೇರೆ ತಳಿಗಳ ಮಿತಿ ಹಾಕಿದರೆ ಗಟ್ಟಿಮುಟ್ಟಾದ ನಾಯಿಯೂ ರೋಗಿಯಾಗಿ ಕಾಣುತ್ತದೆ. ಮುಧೋಳ ನಾಯಿಯೂ ಅದೇ ಮೈಕಟ್ಟಿನ ಗುಂಪಿನದು. ಅದರ ವರದಿಯಲ್ಲಿ 0.9 ಕಂಡೊಡನೆ ಗುಳಿಗೆ ಬರೆಯುವುದು ಇನ್ನೂ ದೊಡ್ಡ ತಪ್ಪು.

ಐದನೇ ದಿನದ ತೊಡಕು

ಉಸಿರು ಸರಿಹೋದಮೇಲೆ ಎಲ್ಲರೂ ನಿರಾಳರಾಗುವ ಹೊತ್ತಿಗೆ ಅಕಾಲ ಬಡಿತಗಳು ಮತ್ತೆ ಹೆಚ್ಚಿದವು. ಪೊಟ್ಯಾಶಿಯಂ 3.3, ಕ್ರಿಯಾಟಿನಿನ್ 1.6. ಕಾರಣ ಹಾರ್ಮೋನುಗಳಲ್ಲೇ ಇತ್ತು. ಫ್ಯುರೊಸೆಮೈಡ್ ಇಲ್ಲದೆ ನಾಯಿ ಬದುಕುತ್ತಿರಲಿಲ್ಲ. ಆದರೆ ಅದು ನೀರು ಹೊರಹಾಕಿದಷ್ಟೂ ರೆನಿನ್ ಏರುತ್ತದೆ, ಆಲ್ಡೊಸ್ಟಿರೋನ್ ಏರುತ್ತದೆ. ಫ್ಯುರೊಸೆಮೈಡ್ ಮತ್ತು ಆಲ್ಡೊಸ್ಟಿರೋನ್ ಎರಡೂ ಪೊಟ್ಯಾಶಿಯಂ ಅನ್ನು ಮೂತ್ರಕ್ಕೆ ತಳ್ಳುತ್ತವೆ. ಪೊಟ್ಯಾಶಿಯಂ ಇಳಿದಾಗ ಡಿಗಾಕ್ಸಿನ್ ಸಹಜ ಪ್ರಮಾಣದಲ್ಲೇ ವಿಷವಾಗಬಹುದು. ಜೊತೆಗೆ, ಥೈರಾಯ್ಡ್ ಹಾರ್ಮೋನ್ ಹೆಚ್ಚಿದ್ದಾಗ ರಕ್ತದಲ್ಲಿ ಡಿಗಾಕ್ಸಿನ್ ಕಡಿಮೆ ಉಳಿಯುತ್ತದೆ, ಹಾರ್ಮೋನ್ ಇಳಿದಂತೆ ಅದೇ ಗುಳಿಗೆಯಿಂದ ಮಟ್ಟ ಏರುತ್ತದೆ. ಲೆವೊಥೈರಾಕ್ಸಿನ್ ನಿಲ್ಲಿಸಿದ ನಾಯಿಯಲ್ಲಿ ಇದನ್ನು ಮರೆಯುವಂತಿಲ್ಲ.

ಡಿಗಾಕ್ಸಿನ್ ಎರಡು ಹೊತ್ತು ತಡೆಹಿಡಿದು, ಬಾಯಿಯ ಮೂಲಕ ಪೊಟ್ಯಾಶಿಯಂ ಕೊಡಲಾಯಿತು. ಫ್ಯುರೊಸೆಮೈಡ್ 60 ಮಿ.ಗ್ರಾಂ. ಎರಡು ಹೊತ್ತಿಗೆ ನಿಂತಿತು, ಅಂದರೆ 40ರ ಗುಳಿಗೆ ಒಂದೂವರೆ. ಸ್ಪೈರೊನೊಲ್ಯಾಕ್ಟೋನ್ 75 ಮಿ.ಗ್ರಾಂ. ದಿನಕ್ಕೊಮ್ಮೆ, ಊಟದ ಜೊತೆ. ಆಂಜಿಯೊಟೆನ್ಸಿನ್-2 ಆಗದಂತೆ ತಡೆಯುವ ಎನಲಾಪ್ರಿಲ್ ಒಂದು ವಾರ ತಡವಾಗಿ, ಮೊದಲು ದಿನಕ್ಕೊಮ್ಮೆ 15 ಮಿ.ಗ್ರಾಂ., ಕ್ರಿಯಾಟಿನಿನ್ ಏರದಿದ್ದಾಗ ಎರಡು ಹೊತ್ತು. ಎನಲಾಪ್ರಿಲ್ ಇದ್ದರೆ ಸ್ಪೈರೊನೊಲ್ಯಾಕ್ಟೋನ್ ಏಕೆ ಎಂದು ಕೇಳುವವರಿದ್ದಾರೆ. ಎನಲಾಪ್ರಿಲ್ ಕೊಟ್ಟರೂ ಎಷ್ಟೋ ನಾಯಿಗಳಲ್ಲಿ ಆಲ್ಡೊಸ್ಟಿರೋನ್ ಬೇರೆ ದಾರಿಯಿಂದ ತಪ್ಪಿಸಿಕೊಂಡು ಏರುತ್ತದೆ, ಸ್ನಾಯುವಿನಲ್ಲಿ ನಾರು ಬೆಳೆಸುತ್ತದೆ. ಅದರ ಗ್ರಾಹಿಯನ್ನೇ ಮುಚ್ಚುವುದು ಸ್ಪೈರೊನೊಲ್ಯಾಕ್ಟೋನ್. ಡಿಗಾಕ್ಸಿನ್ ಮತ್ತೆ ಶುರುವಾಗಿ ಏಳನೇ ದಿನ, ಗುಳಿಗೆ ಕೊಟ್ಟು ಎಂಟು ಗಂಟೆಯಾದ ಮೇಲೆ ನೋಡಿದ ಮಟ್ಟ 0.9. ಮಿಲಿಲೀಟರಿಗೆ 0.5ರಿಂದ 1.2 ನ್ಯಾನೋಗ್ರಾಂ ಒಳಗಿದ್ದರೆ ಸಾಕು.

ಪಿಮೊಬೆಂಡಾನ್ ಊಟಕ್ಕೆ ಒಂದು ಗಂಟೆ ಮೊದಲು ಎಂದು ಬರೆದುಕೊಟ್ಟಿದ್ದರೂ ಮನೆಯಲ್ಲಿ ಪೇಢೆಯೊಳಗೆ ಅಡಗಿಸಿ ಊಟದ ಜೊತೆಗೇ ಕೊಡುತ್ತಿದ್ದರು. ಹೊಟ್ಟೆ ತುಂಬಿದ್ದಾಗ ದೇಹ ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ನಾಯಿಯ ಊಟವೂ ಜೋಳದ ರೊಟ್ಟಿ, ಹಾಲು, ಬೇಳೆಯದ್ದೇ ಆಗಿತ್ತು. ಹೃದಯದ ಸ್ನಾಯುವಿಗೆ ಬೇಕಾದ ಟಾರಿನ್ ಅನ್ನು ನಾಯಿ ತಾನೇ ತಯಾರಿಸಿಕೊಳ್ಳುತ್ತದೆ, ಆದರೆ ಅದಕ್ಕೆ ಬೇಕಾದ ಗಂಧಕವಿರುವ ಅಮೈನೋ ಆಮ್ಲಗಳು ಇಂಥ ಊಟದಲ್ಲಿ ಕಡಿಮೆ. ಡೋಬರ್‌ಮನ್‌ನ ಡಿಸಿಎಂ ಸಾಮಾನ್ಯವಾಗಿ ಟಾರಿನ್ ಕೊರತೆಯದ್ದಲ್ಲ, ಹಾಗೆಂದು ಇದ್ದರೂ ಇರಬಹುದಾದ ಕೊರತೆಯನ್ನು ಬಿಡಬೇಕಾಗಿಲ್ಲ. ಟಾರಿನ್ 1000 ಮಿ.ಗ್ರಾಂ. ಎರಡು ಹೊತ್ತು, ಬೇಯಿಸಿದ ಮೊಟ್ಟೆ, ಉಪ್ಪಿಲ್ಲದ ಕೋಳಿ ಮಾಂಸ. ಮಾಂಸ ಒಳಗೆ ಬರದ ಮನೆಯಾದ್ದರಿಂದ ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಇಟ್ಟರು. ನಾಯಿಗಾಗಿ ಅವರು ಮಾಡಿದ ಈ ಏರ್ಪಾಡು ಯಾವ ಗುಳಿಗೆಗೂ ಕಡಿಮೆಯದಲ್ಲ.

ಎಂಟು ವಾರವಾದ ಮೇಲೆ

ಥೈರಾಯ್ಡ್ ಪರೀಕ್ಷೆ ಮತ್ತೆ ಮಾಡಲು ಇಷ್ಟು ಕಾಯಲೇಬೇಕು. ಗುಳಿಗೆ ತಿನ್ನುತ್ತಿರುವಾಗ ತೆಗೆದ ರಕ್ತ ಗುಳಿಗೆಯನ್ನು ಅಳೆಯುತ್ತದೆ, ಗ್ರಂಥಿಯನ್ನಲ್ಲ. ನಿಲ್ಲಿಸಿದ ಮೇಲೂ ಆರರಿಂದ ಎಂಟು ವಾರ ಬೇಕು, ಹೃದಯವೂ ಹದಕ್ಕೆ ಬಂದಿರಬೇಕು. ಈ ಸಲ ಟಿ4 1.4, ನಾಯಿಯ ಟಿಎಸ್‌ಎಚ್ 0.16, ಅದೂ ಫ್ರೀ ಟಿ4 ಕೂಡ ಮಿತಿಯೊಳಗೆ. ಥೈರಾಯ್ಡ್ ಗುಳಿಗೆ ಒಂದೂ ಇಲ್ಲದೆ, ಹೃದಯದ ಔಷಧದಿಂದಲೇ ಟಿ4 ಎರಡು ಪಟ್ಟಾಗಿತ್ತು. ತೂಕ 35.2 ಕೆ.ಜಿ. ಸೊಂಟದ ಕೂದಲು ಅರ್ಧದಷ್ಟು ತುಂಬಿತ್ತು.

ಒಂದು ವೇಳೆ ಈ ಸಲವೂ ಟಿ4 ಕಡಿಮೆ, ಟಿಎಸ್‌ಎಚ್ ಹೆಚ್ಚು ಬಂದು ನಿಜವಾದ ಕೊರತೆಯೇ ಆಗಿದ್ದರೆ? ಆಗ ಚಿಕಿತ್ಸೆ ಬೇಕೇ ಬೇಕು. ಆದರೆ ಹೃದಯ ಸೋತ ನಾಯಿಗೆ ಪೂರ್ಣ ಪ್ರಮಾಣದ ಕಾಲುಭಾಗದಿಂದ, ಅಂದರೆ ಕೆ.ಜಿ.ಗೆ 0.005 ಮಿ.ಗ್ರಾಂ. ಎರಡು ಹೊತ್ತಿನಿಂದ ಶುರುಮಾಡಿ, ವಾರಗಟ್ಟಲೆ ಬಿಟ್ಟು ಬಿಟ್ಟು, ಬಡಿತ ಮತ್ತು ಉಸಿರು ನೋಡಿಕೊಂಡೇ ಏರಿಸಬೇಕು.

ದಿನವಿಡೀ ಮೈಮೇಲಿದ್ದು ಇಸಿಜಿ ಬರೆಯುವ ಹೋಲ್ಟರ್ ಯಂತ್ರದಲ್ಲಿ ದಿನದ ಸರಾಸರಿ ಬಡಿತ 112. ಅಕಾಲ ಬಡಿತ 24 ಗಂಟೆಯಲ್ಲಿ 640. ಮನೆಯಲ್ಲಿ ಯಜಮಾನರ ಮಗಳು ದಿನವೂ ನಾಯಿ ಗಾಢವಾಗಿ ಮಲಗಿದಾಗ ಉಸಿರು ಎಣಿಸಿ ಕ್ಯಾಲೆಂಡರಿನ ಮೇಲೆ ಬರೆಯುತ್ತಿದ್ದಳು. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸುವುದು. 30ರೊಳಗಿದ್ದರೆ ಚಿಂತೆಯಿಲ್ಲ, ಎರಡು ದಿನ ಅದರ ಮೇಲಿದ್ದರೆ ಫೋನು, 40 ದಾಟಿದರೆ ತಕ್ಷಣ ಆಸ್ಪತ್ರೆ. ಒಂದು ಸಲ 36 ಬಂದಾಗ ಫೋನು ಬಂತು. ಫ್ಯುರೊಸೆಮೈಡ್ ಎರಡು ದಿನ ಮೂರು ಹೊತ್ತು ಮಾಡಿದ್ದಕ್ಕೇ ಹಿಡಿತಕ್ಕೆ ಸಿಕ್ಕಿತು.

ಐದನೇ ತಿಂಗಳಲ್ಲಿ ಅಂಗಳದಲ್ಲಿ ಓಡುವಾಗ ನಾಯಿ ಕುಸಿದು ಸತ್ತಿತು. ಕೆಳಕೋಣೆಯ ಬಡಿತ ದಿಕ್ಕೆಟ್ಟು ಹೀಗಾಗುವುದು ಡಿಸಿಎಂ ಡೋಬರ್‌ಮನ್‌ಗಳಲ್ಲಿ ಸುಮಾರು ಮೂರರಲ್ಲಿ ಒಂದರ ಪಾಡು. ಇದನ್ನು ಮೊದಲ ವಾರದಲ್ಲೇ ಮನೆಯವರಿಗೆ ಹೇಳಲಾಗಿತ್ತು. ಫಿಬ್ರಿಲೇಷನ್ ಕೂಡಿದ ನಾಯಿಗಳಲ್ಲಿ ಬದುಕು ವಾರಗಳಲ್ಲಿ, ಹೆಚ್ಚೆಂದರೆ ತಿಂಗಳುಗಳಲ್ಲಿ ಲೆಕ್ಕವಾಗುತ್ತದೆ.

ಇದೇ ನಾಯಿಯ ಒಡಹುಟ್ಟು, ಒಂದೇ ಸೂಲಿನದು, ಗೋಕಾಕದಲ್ಲಿತ್ತು. ಯಾವ ಲಕ್ಷಣವೂ ಇರಲಿಲ್ಲ. ಯುರೋಪಿನ ಡೋಬರ್‌ಮನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬದುಕಿನಲ್ಲಿ ಎಂದಾದರೂ ಡಿಸಿಎಂ ಪಡೆಯುತ್ತವೆಂದು ದೊಡ್ಡ ಅಧ್ಯಯನ ತೋರಿಸಿದೆ. ಲಕ್ಷಣ ಕಾಣುವ ಮೊದಲೇ, ಹೃದಯ ಹಿಗ್ಗಿದ ಹಂತದಲ್ಲಿ ಪಿಮೊಬೆಂಡಾನ್ ಕೊಟ್ಟಾಗ ಹೃದಯ ಸೋಲುವ ಅಥವಾ ಹಠಾತ್ ಸಾಯುವವರೆಗಿನ ಮಧ್ಯಮ ಅವಧಿ 441 ದಿನದಿಂದ 718 ದಿನಕ್ಕೆ ಏರಿತ್ತು. ಹಾಗಾಗಿ ಗೋಕಾಕದ ನಾಯಿಗೂ ಎಕೋ ಮತ್ತು ಹೋಲ್ಟರ್ ಮಾಡಿಸಲಾಯಿತು. ಸಡಿಲ ಅಳತೆ 50, ಹಿಂಡಿದಾಗ 39, ಅಕಾಲ ಬಡಿತ 24 ಗಂಟೆಯಲ್ಲಿ 410. ಪಿಮೊಬೆಂಡಾನ್ ಅದೇ ವಾರ ಶುರುವಾಯಿತು, ಊಟಕ್ಕೆ ಒಂದು ಗಂಟೆ ಮುಂಚೆ. ಅದರಿಂದ ಮರಿ ಮಾಡಿಸುವ ಮಾತು ನಡೆದಿತ್ತು, ಮನೆಯವರು ಕೈಬಿಟ್ಟರು. ಆರು ತಿಂಗಳಿಗೊಮ್ಮೆ ಎಕೋ, ಹೋಲ್ಟರ್ ಎಂದು ತಾರೀಖು ಗೊತ್ತಾಗಿದೆ.